ದಾರಿ ಹೇಳುವುದಿಲ್ಲವೆಂಬ ಆಣೆ

ಪುಸ್ತಕದ ಮೊದಲ ಪುಟದಲ್ಲಿ ರೈಲೊಂದು ಓಡುತ್ತಿದೆ. ಡಬ್ಬಿಯೊಳಗೆ ಟಿನ್‌ಟಿನ್ ಪೇಪರ್ ಬಿಡಿಸಿಕೊಂಡು ಕೂತಿದ್ದಾನೆ. ಪೆರು ಮತ್ತು ಬೊಲಿವಿಯಾಗಳಲ್ಲಿ ಎರಡು ವರ್ಷ ತಿರುಗಾಡಿ, ಇಂಕಾ ಅರಸನೊಬ್ಬನ ಸಮಾಧಿ ತೆರೆದು, ಅವನ ಮಮ್ಮಿಯನ್ನೂ ಒಡವೆಗಳನ್ನೂ ಯುರೋಪಿಗೆ ಹೊತ್ತು ತಂದ ಏಳು ಜನ ಅನ್ವೇಷಕರ ಸುದ್ದಿ ಅದರಲ್ಲಿದೆ. ಟಿನ್‌ಟಿನ್‌ನ ಭುಜದ ಮೇಲಿಂದ ಇಣುಕಿ ಓದುತ್ತಿದ್ದ ಸಹಪ್ರಯಾಣಿಕನೊಬ್ಬ ತಲೆಯಾಡಿಸುತ್ತಾನೆ. ಇದು ಒಳ್ಳೆಯದಕ್ಕಲ್ಲ ಅನ್ನುತ್ತಾನೆ, ಟುಟಾಂಖಾಮನ್‌ನ ಗೋರಿಗೆ ಕೈ ಹಾಕಿದವರ ಗತಿಯನ್ನು ನೆನಪಿಸುತ್ತಾನೆ. ಆ ದೂರದ ದೇಶದವರು ಇಲ್ಲಿಗೆ ಬಂದು ನಮ್ಮ ರಾಜರ ಗೋರಿಗಳನ್ನು ಅಗೆಯತೊಡಗಿದರೆ ನಮಗೆ ಹೇಗಾಗಬಹುದು ಎಂದು ಕೇಳುತ್ತಾನೆ.

ಆ ಪ್ರಯಾಣಿಕನಿಗೆ ಹೆಸರಿಲ್ಲ. ಮುಂದೆ ಕತೆಯಲ್ಲಿ ಅವನಿಗೆ ಕೆಲಸವೂ ಇಲ್ಲ. ಆದರೆ ಅವನು ಕೇಳಿದ ಪ್ರಶ್ನೆ ಎರಡು ಪುಸ್ತಕಗಳ ಉದ್ದಕ್ಕೂ ಟಿನ್‌ಟಿನ್‌ನ ಬೆನ್ನು ಬಿಡುವುದಿಲ್ಲ. ಅಡಗಿದ ಲೋಕವೊಂದರ ಬಾಗಿಲು ತೆರೆಯುವ ಹಕ್ಕು ಯಾರದು? ತೆರೆದ ಮೇಲೆ ಒಳಗೆ ಕಂಡದ್ದನ್ನು ಹೊರಗೆ ಬಂದು ಹೇಳಬೇಕೇ, ಬೇಡವೇ?

ಇಂಗ್ಲಿಷಿನಲ್ಲಿ ‘ದಿ ಸೆವೆನ್ ಕ್ರಿಸ್ಟಲ್ ಬಾಲ್ಸ್’ ಮತ್ತು ‘ಪ್ರಿಸನರ್ಸ್ ಆಫ್ ದಿ ಸನ್’ ಎಂಬ ಹೆಸರಿನಲ್ಲಿ ಸಿಗುವ ಈ ಜೋಡಿ ಕಾಮಿಕ್ಸನ್ನು ನಮ್ಮಲ್ಲಿ ಅನೇಕರು ಶಾಲೆಯ ಲೈಬ್ರರಿಯಲ್ಲಿ, ಸೋದರಮಾವನ ಕಪಾಟಿನಲ್ಲಿ, ಬಾಡಿಗೆ ಪುಸ್ತಕದಂಗಡಿಯಲ್ಲಿ ಓದಿದವರೇ. ಶಾಪ, ಮಮ್ಮಿ, ಕಾಡು, ಜಲಪಾತದ ಹಿಂದಿನ ಗುಹೆ, ಸೂರ್ಯನ ದೇಗುಲ: ಹತ್ತು ವರ್ಷದ ಓದುಗನಿಗೆ ಇಷ್ಟು ಸಾಕು. ಆ ಕತೆ ಯಾವ ಊರಿನಲ್ಲಿ, ಯಾವ ವರ್ಷದಲ್ಲಿ, ಯಾರ ಪತ್ರಿಕೆಯಲ್ಲಿ ಶುರುವಾಯಿತು ಎಂದು ಆ ವಯಸ್ಸಿನಲ್ಲಿ ಯಾರೂ ಕೇಳುವುದಿಲ್ಲ. ಉತ್ತರ ಪುಸ್ತಕದ ಒಳಗೂ ಇಲ್ಲ. 1943ರ ಡಿಸೆಂಬರ್ 16, ಜರ್ಮನರ ವಶದಲ್ಲಿದ್ದ ಬ್ರಸೆಲ್ಸ್, ಜರ್ಮನರು ಕಿತ್ತುಕೊಂಡಿದ್ದ ಪತ್ರಿಕೆ.

ಕದ್ದ ‘ಸಂಜೆ’

ಟಿನ್‌ಟಿನ್‌ನ ಕರ್ತೃ ಜಾರ್ಜ್ ರೆಮಿ. ತನ್ನ ಇನಿಷಿಯಲ್‌ಗಳನ್ನು ತಿರುಗಿಸಿ ಹಾಕಿ, ಫ್ರೆಂಚ್ ಉಚ್ಚಾರದಲ್ಲಿ ‘ಎರ್ಜೆ’ ಎಂದು ಹೆಸರಿಟ್ಟುಕೊಂಡವನು. ಹುಟ್ಟಿದ್ದು 1907ರಲ್ಲಿ, ಬ್ರಸೆಲ್ಸ್‌ನಲ್ಲಿ. ಕ್ಯಾಥೊಲಿಕ್ ದಿನಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ 1929ರ ಜನವರಿ 10ರಂದು ಟಿನ್‌ಟಿನ್‌ನನ್ನು ರಷ್ಯಾಕ್ಕೆ ಕಳಿಸುವ ಮೂಲಕ ಅವನ ಬಾಳುವೆ ಶುರುವಾಯಿತು. ಮೊದಮೊದಲು ಎರ್ಜೆಗೆ ದೂರದ ದೇಶಗಳೆಂದರೆ ಕೇಳಿದ ಮಾತು, ಪತ್ರಿಕೆಯ ಪೂರ್ವಗ್ರಹ. ಅವನ ಕಾಂಗೋ ಪುಸ್ತಕವನ್ನು ಇಂದು ಮುಜುಗರವಿಲ್ಲದೆ ಓದಲಾಗದು. 1934ರಲ್ಲಿ ಬ್ರಸೆಲ್ಸ್‌ಗೆ ಕಲಿಯಲು ಬಂದಿದ್ದ ಚಾಂಗ್ ಎಂಬ ಚೀನೀ ಕಲಾವಿದನ ಪರಿಚಯವಾದ ಮೇಲೆ ಅವನ ದಾರಿ ಬದಲಾಯಿತು. ಒಂದು ದೇಶವನ್ನು ಬರೆಯುವ ಮುಂಚೆ ಅದರ ಬಗ್ಗೆ ಓದಬೇಕು, ಅಲ್ಲಿನವರನ್ನು ಕೇಳಬೇಕು ಎಂಬುದನ್ನು ಅವನು ಕಲಿತ. ಆ ಗೆಳೆತನದಿಂದ ಹುಟ್ಟಿದ ‘ಬ್ಲೂ ಲೋಟಸ್’ ಮಂಚೂರಿಯಾದ ಮೇಲಿನ ಜಪಾನಿನ ದಾಳಿಯನ್ನು ನೇರವಾಗಿ ಖಂಡಿಸಿತು. ಮಕ್ಕಳ ಕಾಮಿಕ್ಸ್ ಅಂದಂದಿನ ರಾಜಕೀಯವನ್ನು ಮಾತಾಡಬಲ್ಲದು ಎಂಬುದು ಅಲ್ಲಿ ಸಾಬೀತಾಗಿತ್ತು.

1940ರ ಮೇ 10ರಂದು ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಎರ್ಜೆಯ ಪತ್ರಿಕೆ ಮುಚ್ಚಿತು. ನಡೆಯುತ್ತಿದ್ದ ಕತೆ ಅರ್ಧಕ್ಕೆ ನಿಂತಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವನು ‘ಲ ಸ್ವಾರ್’ ಸೇರಿದ. ‘ಲ ಸ್ವಾರ್’ ಎಂದರೆ ಸಂಜೆ. ಬೆಲ್ಜಿಯಂನ ದೊಡ್ಡ ಫ್ರೆಂಚ್ ದಿನಪತ್ರಿಕೆ. ಅದರ ಮಾಲೀಕರ ಒಪ್ಪಿಗೆಯಿಲ್ಲದೆ, ಜರ್ಮನರ ಕಣ್ಗಾವಲಿನಲ್ಲಿ ಅದನ್ನು ಮತ್ತೆ ಹೊರಡಿಸಲಾಗಿತ್ತು. ಬ್ರಸೆಲ್ಸ್‌ನ ಜನ ಅದಕ್ಕೊಂದು ಅಡ್ಡಹೆಸರಿಟ್ಟರು: ಕದ್ದ ‘ಲ ಸ್ವಾರ್’. ಬೈಯುತ್ತಲೇ ಕೊಳ್ಳುತ್ತಲೂ ಇದ್ದರು. ಎರ್ಜೆಗೆ ಹಿಂದೆಂದೂ ಇಲ್ಲದಷ್ಟು ಓದುಗರು ಸಿಕ್ಕರು.

ಹೊಸ ಪತ್ರಿಕೆಯಲ್ಲಿ ‘ಬ್ಲೂ ಲೋಟಸ್’ನಂಥ ಕತೆಗೆ ಜಾಗವಿರಲಿಲ್ಲ. ಯುದ್ಧದ ಸುದ್ದಿ ಸುತ್ತಲೂ ತುಂಬಿದ್ದಾಗ ಯುದ್ಧದ ಹೆಸರೆತ್ತದೆ ಕತೆ ಹೇಳಬೇಕು. ಎರ್ಜೆ ಅದನ್ನು ಬಲು ಚೆನ್ನಾಗಿ ಮಾಡಿದ. ಕ್ಯಾಪ್ಟನ್ ಹ್ಯಾಡಕ್ ಹುಟ್ಟಿದ್ದು ಆಗ, ಪ್ರೊಫೆಸರ್ ಕ್ಯಾಲ್ಕುಲಸ್ ಹುಟ್ಟಿದ್ದು ಆಗ. ಉಲ್ಕೆ, ಹಳೆಯ ಹಡಗಿನ ಮಾದರಿಯಲ್ಲಿ ಬಚ್ಚಿಟ್ಟ ಚರ್ಮಪತ್ರ, ಸಮುದ್ರದ ತಳದ ನಿಧಿ: ಟಿನ್‌ಟಿನ್ ಸುದ್ದಿಗಾರನ ಕೆಲಸ ಬಿಟ್ಟು ನಿಧಿ ಹುಡುಕುವವನಾದ. ಟಿನ್‌ಟಿನ್‌ನ ಅತ್ಯಂತ ಪ್ರೀತಿಯ ಪುಸ್ತಕಗಳು ಯಾವುವೆಂದು ಓದುಗರನ್ನು ಕೇಳಿದರೆ ಬರುವ ಹೆಸರುಗಳಲ್ಲಿ ಹಲವು ಈ ನಾಲ್ಕು ವರ್ಷಗಳವೇ.

ಯುದ್ಧ ಪೂರ್ತಿ ಹೊರಗೆ ಉಳಿಯಲೂ ಇಲ್ಲ. 1941ರಿಂದ 42ರವರೆಗೆ ಬಂದ ‘ದಿ ಶೂಟಿಂಗ್ ಸ್ಟಾರ್’ ಕತೆಯ ಖಳ ಬ್ಲೂಮೆನ್‌ಸ್ಟೈನ್ ಎಂಬ ನ್ಯೂಯಾರ್ಕಿನ ಹಣವಂತ. ಹೆಸರಿನಿಂದ ಹಿಡಿದು ಮೂಗಿನವರೆಗೆ ಅದು ಯಹೂದಿಯ ವಿಕಾರಚಿತ್ರ. ಜಗತ್ತೇ ಮುಳುಗಿದರೆ ಸಾಲ ತೀರಿಸುವ ತಾಪತ್ರಯವಿಲ್ಲ ಎಂದು ಹಿಗ್ಗುವ ಇಬ್ಬರು ಯಹೂದಿಗಳ ‘ತಮಾಷೆ’ಯ ಚಿತ್ರವೂ ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಪುಸ್ತಕದಲ್ಲಿ ಕೈಬಿಡಲಾಯಿತು. ಖಳನ ಹೆಸರನ್ನು ಮುಂದೆ ಎಂದೋ ಬದಲಿಸಲಾಯಿತು. 1942ರ ಬೇಸಿಗೆಯಲ್ಲಿ ಬೆಲ್ಜಿಯಂನ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಆಗಸ್ಟಿನಿಂದ ಮೆಖೆಲೆನ್ ಎಂಬ ಊರಿನ ಸೇನಾ ಬ್ಯಾರಕ್ಕಿನಿಂದ ರೈಲುಗಳು ಆಶ್‌ವಿಟ್ಸ್ ಕಡೆಗೆ ಹೊರಟವು. ಯುದ್ಧ ಮುಗಿಯುವಷ್ಟರಲ್ಲಿ ಹಾಗೆ ಸಾಗಿಸಲ್ಪಟ್ಟ ಯಹೂದಿಗಳು ಸುಮಾರು 25,000. ಮರಳಿ ಬಂದವರು ತೀರ ಕಡಿಮೆ.

ಅದೇ ದೇಶದಲ್ಲಿ, ಅದೇ ತಿಂಗಳುಗಳಲ್ಲಿ, ಪತ್ರಿಕೆಯ ಒಂದು ಮೂಲೆಯಲ್ಲಿ ಟಿನ್‌ಟಿನ್ ನಿಧಿ ಹುಡುಕುತ್ತಿದ್ದ.

ಅಮೆರಿಕ ಮುಚ್ಚಿದ ಮೇಲೆ

ಆಗ ಬ್ರಸೆಲ್ಸ್‌ನಲ್ಲಿ ಗುಪ್ತಲೋಕ ಬರೆಯುತ್ತಿದ್ದವನು ಎರ್ಜೆ ಒಬ್ಬನೇ ಅಲ್ಲ. ಎಡ್ಗರ್ ಜೇಕಬ್ಸ್ ಎಂಬ ಇನ್ನೊಬ್ಬನಿದ್ದ. ವೃತ್ತಿಯಿಂದ ಆಪೆರಾ ಗಾಯಕ, ಯುದ್ಧದಿಂದಾಗಿ ವೇದಿಕೆ ಕಳಕೊಂಡು ಹೊಟ್ಟೆಪಾಡಿಗೆ ಚಿತ್ರ ಬರೆಯುತ್ತಿದ್ದ. ‘ಬ್ರಾವೊ’ ಎಂಬ ವಾರಪತ್ರಿಕೆ ಅಮೆರಿಕದ ‘ಫ್ಲ್ಯಾಶ್ ಗಾರ್ಡನ್’ ಕಾಮಿಕ್ಸನ್ನು ಅಚ್ಚು ಹಾಕುತ್ತಿತ್ತು. ಅಮೆರಿಕ ಯುದ್ಧಕ್ಕಿಳಿದ ಮೇಲೆ ಅಲ್ಲಿಂದ ಪುಟಗಳು ಬರುವುದು ನಿಂತಿತು. ಕತೆ ನಡುನೀರಿನಲ್ಲಿ. ಪತ್ರಿಕೆಯವರು ಜೇಕಬ್ಸ್‌ನನ್ನು ಕರೆದು, ಅದೇ ಶೈಲಿಯಲ್ಲಿ ನೀನೇ ಮುಂದುವರಿಸು ಎಂದರು. ಕೆಲವು ವಾರ ನಡೆಯಿತು. ಆಮೇಲೆ ಜರ್ಮನ್ ಸೆನ್ಸಾರ್ ಅದನ್ನೂ ನಿಲ್ಲಿಸಿತು.

ಖಾಲಿಯಾದ ಜಾಗ ತುಂಬಲು ಜೇಕಬ್ಸ್ 1943ರಲ್ಲಿ ತನ್ನದೇ ಕತೆ ಶುರು ಮಾಡಿದ: ‘ಲ ರೆಯೊನ್ ಯು’, ಅಂದರೆ ಯು ಕಿರಣ. ಹೊಸ ಆಯುಧವೊಂದಕ್ಕೆ ಬೇಕಾದ ಅಪರೂಪದ ಖನಿಜ ಹುಡುಕಿಕೊಂಡು ಅನ್ವೇಷಕರ ತಂಡವೊಂದು ಯಾರೂ ಕಾಲಿಡದ ದ್ವೀಪಕ್ಕೆ ಹೊರಡುತ್ತದೆ. ಅಲ್ಲಿ ಇತಿಹಾಸಪೂರ್ವ ಕಾಲದ ಪ್ರಾಣಿಗಳಿವೆ, ಹೊರಜಗತ್ತಿಗೆ ಗೊತ್ತಿಲ್ಲದ ಒಂದು ನಾಗರಿಕತೆಯಿದೆ. ಮಾತಿನ ಗುಳ್ಳೆಗಳಿಲ್ಲ, ಚಿತ್ರದ ಕೆಳಗೆ ಪಠ್ಯ. ಖನಿಜ, ಆಯುಧ, ಪೈಪೋಟಿ ನಡೆಸುವ ಎರಡು ದೇಶಗಳು: ಯುದ್ಧದ ಹೆಸರೆತ್ತದೆಯೂ ಯುದ್ಧ ಕತೆಯೊಳಗೆ ನುಸುಳಿತ್ತು.

ಗುಪ್ತಲೋಕದ ಕತೆಗಳಿಗೆ ಅದಕ್ಕಿಂತ ಹಳೆಯ ಚರಿತ್ರೆಯಿದೆ. ಹ್ಯಾಗರ್ಡ್ 1885ರಲ್ಲಿ ಸೊಲೊಮನ್ ದೊರೆಯ ಗಣಿಗಳನ್ನು ಹುಡುಕಲು ಹೊರಟಾಗ, ಕೊನನ್ ಡಾಯ್ಲ್ 1912ರಲ್ಲಿ ದಕ್ಷಿಣ ಅಮೆರಿಕದ ಬೆಟ್ಟದ ಮೇಲೆ ಡೈನೊಸಾರ್‌ಗಳನ್ನು ಕೂರಿಸಿದಾಗ, ಯುರೋಪಿಗೆ ಇಡೀ ಭೂಮಿ ತೆರೆದಿತ್ತು. ಎಲ್ಲಿ ಬೇಕಾದರೂ ಹೋಗಬಲ್ಲವರು ಇನ್ನೂ ಹೋಗದ ಒಂದು ಮೂಲೆಯನ್ನು ಕಲ್ಪಿಸಿಕೊಂಡರು. ಬ್ರಸೆಲ್ಸ್‌ನ ಸ್ಥಿತಿ ತದ್ವಿರುದ್ಧ. ಕರ್ಫ್ಯೂ ಇದ್ದ, ರೇಷನ್ ಇದ್ದ, ಗಡಿ ದಾಟಲಾಗದ ಊರಿನಲ್ಲಿ ಕೂತು ಜೇಕಬ್ಸ್ ಮತ್ತು ಎರ್ಜೆ ಬರೆದರು. ಓದುವ ಮಕ್ಕಳೂ ಅದೇ ಊರಿನಲ್ಲಿ ಸಿಕ್ಕಿಕೊಂಡಿದ್ದರು.

1944ರ ಜನವರಿಯಿಂದ ಜೇಕಬ್ಸ್ ಎರ್ಜೆಯ ಜೊತೆ ಕೆಲಸಕ್ಕೆ ಸೇರಿದ. ಇಂಕಾ ಕತೆ ಆಗತಾನೆ ಶುರುವಾಗಿತ್ತು. ಎರ್ಜೆಗೆ ಪಾತ್ರ, ವೇಗ, ನಗು ಗೊತ್ತಿತ್ತು. ಜೇಕಬ್ಸ್‌ಗೆ ರಂಗಸಜ್ಜಿಕೆ, ಬಣ್ಣ, ನಾಟಕೀಯತೆ ಗೊತ್ತಿತ್ತು. ಅವನು ಬ್ರಸೆಲ್ಸ್‌ನ ಸ್ಯಾಂಕಾಂತನೇರ್ ಮ್ಯೂಸಿಯಂಗೆ ಹೋಗಿ ಅಲ್ಲಿನ ಪೆರು ಸಂಗ್ರಹದ ಮುಂದೆ ನಿಂತು ಸ್ಕೆಚ್ ಮಾಡಿಕೊಂಡು ಬರುತ್ತಿದ್ದ. ಮೊಣಕಾಲು ಮಡಚಿ ಕೂತ ಮಮ್ಮಿಯೊಂದು ಅಲ್ಲಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಕತೆಯಲ್ಲಿ ಅದಕ್ಕೆ ರಾಸ್ಕರ್ ಕಪಾಕ್ ಎಂಬ ಹೆಸರು ಬಂತು. ರಾತ್ರಿ ಕಿಟಕಿ ಹತ್ತಿ ಮಲಗುವ ಕೋಣೆಗೆ ಇಳಿಯುವ ಆ ಮಮ್ಮಿ ಯುರೋಪಿನ ಎಷ್ಟೋ ಮಕ್ಕಳ ನಿದ್ದೆ ಕೆಡಿಸಿದೆ.

ಮಮ್ಮಿಯನ್ನು ಇಟ್ಟುಕೊಂಡ ಪ್ರೊಫೆಸರನಿಗೆ ಒಂದು ಮನೆ ಬೇಕಿತ್ತು. ಎರ್ಜೆ ವಾಸವಿದ್ದ ಬ್ವಾಫೋರ್ ಬಡಾವಣೆಯಲ್ಲೇ ಹೊಂದುವಂಥ ವಿಲ್ಲಾ ಸಿಕ್ಕಿತು. ಇಬ್ಬರೂ ರಸ್ತೆಯಲ್ಲಿ ನಿಂತು ನಿಧಾನವಾಗಿ ಅದರ ಚಿತ್ರ ತೆಗೆದುಕೊಂಡರು. ಮುಗಿಸಿ ಹೊರಡುವ ಹೊತ್ತಿಗೆ ಸೈನಿಕರಿದ್ದ ಬೂದುಬಣ್ಣದ ಕಾರುಗಳು ಬಂದು ಅದೇ ಮನೆಯ ಮುಂದೆ ನಿಂತವು. ಆ ವಿಲ್ಲಾ ಎಸ್‌ಎಸ್ ವಶದಲ್ಲಿತ್ತು. ಸ್ವಲ್ಪ ಮೊದಲೇ ಬಂದಿದ್ದರೆ, ಸೇನೆಯ ಮನೆಯನ್ನು ಯಾಕೆ ನಕ್ಷೆ ಮಾಡುತ್ತಿದ್ದೀರಿ ಎಂಬ ಪ್ರಶ್ನೆಗೆ ಇಬ್ಬರೂ ಉತ್ತರ ಕೊಡಬೇಕಾಗುತ್ತಿತ್ತು. ಶಾಪಗ್ರಸ್ತ ಮನೆಗೆ ಮಾದರಿ ಹುಡುಕಲು ಹೋದವರಿಗೆ ಸಿಕ್ಕಿದ ಮನೆ ಅದು.

ನಿಂತ ಕತೆ

1944ರ ಸೆಪ್ಟೆಂಬರ್ 3ರಂದು ಬ್ರಿಟಿಷ್ ಪಡೆಗಳು ಬ್ರಸೆಲ್ಸ್ ಪ್ರವೇಶಿಸಿದವು. ಕದ್ದ ‘ಲ ಸ್ವಾರ್’ ಅಲ್ಲಿಗೆ ಮುಗಿಯಿತು. ಕತೆಯಲ್ಲಿ ಏಳು ಅನ್ವೇಷಕರೂ ಸ್ಫಟಿಕ ಗೋಳದ ಮದ್ದಿಗೆ ಸಿಕ್ಕಿ ಎಚ್ಚರವಿಲ್ಲದೆ ಮಲಗಿದ್ದರು. ಕ್ಯಾಲ್ಕುಲಸ್ ಕಾಣೆಯಾಗಿದ್ದ. ಪೆರು ಇನ್ನೂ ಬಂದಿರಲಿಲ್ಲ.

ಎರ್ಜೆಯನ್ನು ಬೇರೆಬೇರೆ ಗುಂಪುಗಳು ಒಟ್ಟು ನಾಲ್ಕು ಸಲ ಹಿಡಿದೊಯ್ದವು. ಒಂದು ರಾತ್ರಿ ಜೈಲಿನಲ್ಲಿ ಕಳೆದ. ಪ್ರತಿರೋಧ ಚಳವಳಿಯವರು ಹಂಚಿದ ದ್ರೋಹಿಗಳ ಪಟ್ಟಿಯಲ್ಲಿ ಅವನ ಹೆಸರಿತ್ತು. ಪತ್ರಿಕೆಯೊಂದು ಟಿನ್‌ಟಿನ್‌ನನ್ನು ನಾತ್ಸಿಗಳ ನಾಡಿಗೆ ಕಳಿಸಿ ಅಣಕು ಕಾಮಿಕ್ಸ್ ಹಾಕಿತು. ಆಕ್ರಮಣದ ಕಾಲದಲ್ಲಿ ಪತ್ರಿಕೆಗಳಿಗೆ ದುಡಿದವರು ಮತ್ತೆ ಪತ್ರಿಕೆಗಳಲ್ಲಿ ಕೆಲಸ ಮಾಡುವಂತಿಲ್ಲ ಎಂಬ ಆಜ್ಞೆ ಹೊರಟಿತು. ‘ಲ ಸ್ವಾರ್’ನ ಸಂಪಾದಕನಾಗಿದ್ದ ರೇಮೊನ್ ದ ಬೆಕೆರ್‌ಗೆ ಮರಣದಂಡನೆಯಾಗಿ, ಆಮೇಲೆ ಅದನ್ನು ಇಳಿಸಲಾಯಿತು. ಎರ್ಜೆಯ ಮೇಲೆ ಮೊಕದ್ದಮೆ ನಡೆಯಲಿಲ್ಲ. ಮಕ್ಕಳ ಕಾಮಿಕ್ಸ್ ಬರೆದವನನ್ನು ಕಟಕಟೆಗೆ ಹತ್ತಿಸಿದರೆ ನಗೆಪಾಟಲಾದೀತು ಎಂಬ ಅಳುಕೂ ಅಧಿಕಾರಿಗಳಿಗಿತ್ತು.

ಎರ್ಜೆ ಮುಂದೆ ಹಲವು ಸಲ ಒಂದೇ ಸಮರ್ಥನೆ ಕೊಟ್ಟ. ಯುದ್ಧಕಾಲದಲ್ಲಿ ಬೇಕರಿಯವನು ಬ್ರೆಡ್ ಮಾಡಿದ, ರೈಲಿನವನು ರೈಲು ಓಡಿಸಿದ, ಹಾಗೆಯೇ ತಾನೂ ತನ್ನ ಕೆಲಸ ಮಾಡಿದೆ ಎಂಬ ವಾದ. ಅದರಲ್ಲಿ ಹುರುಳಿಲ್ಲ ಎನ್ನಲಾಗದು. ಆಕ್ರಮಿತ ದೇಶದಲ್ಲಿ ಬದುಕುವುದೇ ಒಂದಲ್ಲ ಒಂದು ರಾಜಿ. ಆದರೆ ಬ್ರೆಡ್ ತಿಂದವನು ಬ್ರೆಡ್ಡನ್ನಷ್ಟೇ ತಿಂದ. ಟಿನ್‌ಟಿನ್‌ಗಾಗಿ ಪತ್ರಿಕೆ ಕೊಂಡ ಮನೆಗೆ ಆ ಪತ್ರಿಕೆಯ ಉಳಿದ ಪುಟಗಳೂ ಬಂದವು. ಆ ಪುಟಗಳಲ್ಲಿ ಏನಿರುತ್ತದೆ ಎಂಬುದು ಎರ್ಜೆಗೆ ತಿಳಿಯದ ಸಂಗತಿಯಾಗಿರಲಿಲ್ಲ.

ಎರಡು ವರ್ಷ ಅವನ ಹೆಸರಿನಲ್ಲಿ ಪತ್ರಿಕೆಯಲ್ಲಿ ಏನೂ ಬರಲಿಲ್ಲ. ಅವನನ್ನು ಹೊರಗೆ ತಂದವನು ಪ್ರತಿರೋಧ ಚಳವಳಿಯಲ್ಲಿದ್ದ ರೇಮೊನ್ ಲಬ್ಲಾ ಎಂಬ ಪ್ರಕಾಶಕ. ಅವನ ಕೈ ಶುದ್ಧ, ಆದ್ದರಿಂದ ಅವನ ಶಿಫಾರಸಿಗೆ ಬೆಲೆಯಿತ್ತು. ಎರ್ಜೆಗೆ ಬೇಕಾಗಿದ್ದ ಸನ್ನಡತೆಯ ಪತ್ರ ಸಿಕ್ಕಿತು. 1946ರ ಸೆಪ್ಟೆಂಬರ್ 26ರಂದು ‘ಟಿನ್‌ಟಿನ್’ ಎಂಬ ಹೊಸ ವಾರಪತ್ರಿಕೆ ಹೊರಬಂತು. ಅದರ ಮೊದಲ ಸಂಚಿಕೆಯಲ್ಲಿ, ನಿಂತಲ್ಲಿಂದ ಇಂಕಾ ಕತೆ ಮುಂದುವರಿಯಿತು, ಈ ಸಲ ‘ಸೂರ್ಯನ ದೇಗುಲ’ ಎಂಬ ಹೆಸರಿನಲ್ಲಿ, ಪೂರ್ತಿ ಬಣ್ಣದಲ್ಲಿ. ಜೇಕಬ್ಸ್ ಅದೇ ಸಂಚಿಕೆಯಲ್ಲಿ ತನ್ನ ಬ್ಲೇಕ್ ಮತ್ತು ಮಾರ್ಟಿಮರ್ ಸರಣಿ ಆರಂಭಿಸಿದ. ಮುಂದೆ ಅವನು ಎರ್ಜೆಯ ಪುಸ್ತಕಗಳ ಮೇಲೆ ತನ್ನ ಹೆಸರೂ ಇರಲಿ ಎಂದು ಕೇಳಿದ, ಎರ್ಜೆ ಒಪ್ಪಲಿಲ್ಲ, ಜೊತೆಗೆಲಸ ಮುಗಿಯಿತು. ಸ್ನೇಹ ಹೇಗೋ ಉಳಿಯಿತು. ಎರ್ಜೆಯ ಮನಸ್ಸು ಮಾತ್ರ ಆ ವರ್ಷಗಳಲ್ಲಿ ಕುಸಿದಿತ್ತು. ಕೆಲಸದ ನಡುವೆ ಕಾಣೆಯಾಗಿ ಸ್ವಿಟ್ಸರ್‌ಲ್ಯಾಂಡಿನ ಸರೋವರದ ದಡಕ್ಕೆ ಹೋಗಿ ಕೂರುತ್ತಿದ್ದ. ಕತೆ ಮುಗಿದಾಗ 1948ರ ಏಪ್ರಿಲ್. ಶುರುವಾಗಿ ನಾಲ್ಕು ವರ್ಷ ದಾಟಿತ್ತು.

ಕಾಗದದ ಪೆರು

ಎರ್ಜೆ ಪೆರುವಿಗೆ ಎಂದೂ ಹೋಗಲಿಲ್ಲ. ಅವನ ಪೆರು ಕಾಗದದ್ದು. ಷಾರ್ಲ್ ವೀನರ್ ಎಂಬ ಪ್ರವಾಸಿ 1880ರಲ್ಲಿ ಪ್ರಕಟಿಸಿದ ಪೆರು-ಬೊಲಿವಿಯಾ ಗ್ರಂಥದ ನೂರಾರು ಕೆತ್ತನೆ ಚಿತ್ರಗಳು, ‘ನ್ಯಾಷನಲ್ ಜಿಯೊಗ್ರಫಿಕ್’ನ ಪುಟಗಳು, ಮ್ಯೂಸಿಯಂನ ಮಡಕೆಗಳು, ಗ್ಯಾಸ್ತೋನ್ ಲರೂ ಬರೆದ ‘ಸೂರ್ಯನ ವಧು’ ಎಂಬ ಹಳೆಯ ಕಾದಂಬರಿ. ಇವುಗಳಿಂದ ಅವನು ಕಯಾವೊ ಬಂದರನ್ನು, ಆಂಡಿಸ್‌ನ ರೈಲನ್ನು, ಹಿಮವನ್ನು, ಕಾಡನ್ನು ಕಟ್ಟಿದ. ಕಿತ್ತಳೆ ಮಾರುವ ಸೊರಿನೊ ಎಂಬ ಹುಡುಗ ಟಿನ್‌ಟಿನ್ ಮತ್ತು ಹ್ಯಾಡಕ್‌ಗೆ ದಾರಿ ತೋರಿಸುತ್ತಾನೆ. ಜಲಪಾತದ ಹಿಂದಿನ ಗುಹೆಯಿಂದ ನುಸುಳಿ ಅವರು ಸೂರ್ಯದೇಗುಲದೊಳಕ್ಕೆ ಬೀಳುತ್ತಾರೆ. ಸ್ಪೇನಿನವರಿಂದ ತಪ್ಪಿಸಿಕೊಂಡ ಇಂಕಾಗಳು ಅಲ್ಲಿ ಇಂದಿಗೂ ತಮ್ಮ ಅರಸನೊಂದಿಗೆ, ತಮ್ಮ ವಿಧಿಗಳೊಂದಿಗೆ ಬದುಕಿದ್ದಾರೆ.

ಇಂಗ್ಲಿಷಿನಲ್ಲಿ ಓದಿದ ನಮಗೆ ತಪ್ಪಿಹೋಗುವ ಒಂದು ಸೊಗಸು ಇಲ್ಲಿದೆ. ಕ್ಯಾಲ್ಕುಲಸ್‌ನ ಮೂಲ ಫ್ರೆಂಚ್ ಹೆಸರು ತೂರ್ನಸೊಲ್. ಸೂರ್ಯನತ್ತ ತಿರುಗುವ ಹೂ, ನಮ್ಮ ಸೂರ್ಯಕಾಂತಿ. ತೋಟದಲ್ಲಿ ಬಿದ್ದಿದ್ದ ಮಮ್ಮಿಯ ಬಳೆಯನ್ನು ಏನೂ ಅರಿಯದೆ ತೊಟ್ಟುಕೊಂಡು, ಆ ತಪ್ಪಿಗೆ ಸೂರ್ಯನ ಬಲಿಪೀಠದವರೆಗೆ ಎಳೆದೊಯ್ಯಲ್ಪಡುವವನು ಸೂರ್ಯಕಾಂತಿ ಪ್ರೊಫೆಸರ್. ಇಂಗ್ಲಿಷ್ ಅನುವಾದಕರು ಗಣಿತದ ಹೆಸರಿಟ್ಟಾಗ ಅವನು ಇನ್ನಷ್ಟು ವಿಜ್ಞಾನಿಯಾದ, ಸೂರ್ಯನೊಂದಿಗಿನ ನಂಟು ಮಾತ್ರ ಕಳಚಿತು. ಕನ್ನಡಕ್ಕೆ ತರುವವರಿಗೆ ಆ ಕಷ್ಟವಿಲ್ಲ. ನಮ್ಮ ಹೂವಿನ ಹೆಸರಿನಲ್ಲೂ ಸೂರ್ಯ ಕೂತಿದ್ದಾನೆ.

ಕಾಗದದ ಪೆರುವಿನ ಹಿಂದೆ ನಿಜದ ಪೆರು ಒಂದಿತ್ತು. ಸ್ಪೇನಿನವರು ಕುಸ್ಕೊ ಹಿಡಿದ ಮೇಲೆ ಮಾಂಕೊ ಇಂಕಾ 1536ರಲ್ಲಿ ದಂಗೆಯೆದ್ದ. ಸೋತು, 1537ರಲ್ಲಿ ಕಾಡುಬೆಟ್ಟಗಳ ವಿಲ್ಕಬಂಬಕ್ಕೆ ಹಿಂದೆಸರಿದ. ಅಲ್ಲಿ ಅವನೂ ಅವನ ಮಕ್ಕಳೂ ಮೂವತ್ತೈದು ವರ್ಷ ಸ್ವತಂತ್ರ ರಾಜ್ಯವೊಂದನ್ನು ಉಳಿಸಿಕೊಂಡರು. 1572ರಲ್ಲಿ ಸ್ಪೇನಿನ ಸೇನೆ ಅಲ್ಲಿಗೂ ತಲುಪಿತು. ಕೊನೆಯ ಅರಸ ಟುಪಾಕ್ ಅಮರುವನ್ನು ಹಿಡಿದು ತಂದು ಕುಸ್ಕೊದ ಚೌಕದಲ್ಲಿ ತಲೆ ಕಡಿದರು. ಅಡಗಿದ ಇಂಕಾ ನಗರ ಎಂಬುದು ಕಾದಂಬರಿಕಾರರ ಕಲ್ಪನೆಯಷ್ಟೇ ಅಲ್ಲ. ಒಂದು ತಲೆಮಾರಿನವರು ಅಲ್ಲಿ ನಿಜವಾಗಿ ಅಡಗಿ ಬದುಕಿದ್ದರು.

ಆ ನಗರವನ್ನು ಹುಡುಕಿಕೊಂಡು 1911ರಲ್ಲಿ ಯೇಲ್ ವಿಶ್ವವಿದ್ಯಾಲಯದ ಹೈರಮ್ ಬಿಂಗಮ್ ಹೋದ. ಜುಲೈ 24ರಂದು ಸ್ಥಳೀಯ ರೈತ ಮೆಲ್ಚೋರ್ ಆರ್ಟೆಯಾಗ ಅವನನ್ನು ಬೆಟ್ಟ ಹತ್ತಿಸಿದ. ಮೇಲೆ ಆಗಲೇ ರೈತ ಕುಟುಂಬಗಳು ಇಂಕಾಗಳ ಮೆಟ್ಟಿಲುಗದ್ದೆಗಳಲ್ಲಿ ಬೆಳೆ ತೆಗೆಯುತ್ತಿದ್ದವು. ಅವರ ಮನೆಯ ಹುಡುಗನೊಬ್ಬ ಅವಶೇಷಗಳ ನಡುವೆ ದಾರಿ ತೋರಿಸಿದ. ಅದು ಮಾಚು ಪಿಚ್ಚು. ಕುಸ್ಕೊ ಸೀಮೆಯ ಅಗುಸ್ತಿನ್ ಲಿಸಾರಗ ಎಂಬಾತ 1902ರಲ್ಲೇ ಅಲ್ಲಿನ ಗೋಡೆಯ ಮೇಲೆ ತನ್ನ ಹೆಸರು ಗೀಚಿ ಹೋಗಿದ್ದ. ಬಿಂಗಮ್ ಅದನ್ನೇ ವಿಲ್ಕಬಂಬ ಎಂದು ನಂಬಿದ. ಅದೇ ವರ್ಷ ಅವನು ಎಸ್ಪಿರಿತು ಪಂಪ ಎಂಬ ಕಾಡಿನ ಅವಶೇಷಗಳಿಗೂ ಹೋಗಿದ್ದ, ಅದನ್ನು ದೊಡ್ಡದೆಂದು ಬಗೆಯಲಿಲ್ಲ. ನಿಜವಾದ ವಿಲ್ಕಬಂಬ ಅದೇ ಎಂಬುದು 1960ರ ದಶಕದ ನಂತರ ಸ್ಥಿರಪಟ್ಟಿತು. ಹುಡುಕಿಕೊಂಡು ಹೋದ ಗುಪ್ತನಗರದ ಮೇಲೆ ಕಾಲಿಟ್ಟು, ಗುರುತು ಸಿಗದೆ ವಾಪಸು ಬಂದಿದ್ದ.

ಹಂಪಿಯನ್ನು ಬಲ್ಲವರಿಗೆ ಈ ಬಗೆಯ ‘ಶೋಧ’ ಹೊಸದಲ್ಲ. ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸೀವೆಲ್ 1900ರಲ್ಲಿ ತನ್ನ ಪುಸ್ತಕಕ್ಕೆ ಮರೆತುಹೋದ ಸಾಮ್ರಾಜ್ಯ ಎಂಬರ್ಥದ ಹೆಸರಿಟ್ಟ. ವಿರೂಪಾಕ್ಷನಿಗೆ ದೀಪ ಹಚ್ಚುತ್ತಿದ್ದವರು ಯಾವುದನ್ನೂ ಮರೆತಿರಲಿಲ್ಲ. ಅಡಗಿದ ಲೋಕ ಎಂದಾಗ, ಯಾರಿಂದ ಅಡಗಿದ್ದು ಎಂದೂ ಕೇಳಬೇಕಾಗುತ್ತದೆ.

ಬಿಂಗಮ್ ಮಾಚು ಪಿಚ್ಚುವಿನಿಂದ ಮೂಳೆಗಳನ್ನು, ಮಡಕೆಗಳನ್ನು, ಲೋಹದ ವಸ್ತುಗಳನ್ನು ಪೆಟ್ಟಿಗೆ ತುಂಬಿಸಿ ಯೇಲ್‌ಗೆ ಕಳಿಸಿದ. ಅವುಗಳಿಗಾಗಿ ಪೆರು ದಶಕಗಳ ಕಾಲ ಕೇಳಿತು, ಕಡೆಗೆ ಕೋರ್ಟಿಗೂ ಹೋಯಿತು. 2010ರಲ್ಲಿ ಒಪ್ಪಂದವಾಗಿ, ಮುಂದಿನ ಎರಡು ವರ್ಷಗಳಲ್ಲಿ ಅವು ಕುಸ್ಕೊಗೆ ಮರಳಿದವು. ರೈಲಿನ ಪ್ರಯಾಣಿಕನ ಪ್ರಶ್ನೆಗೆ ನಿಜಜೀವನದಲ್ಲಿ ಉತ್ತರ ಸಿಗಲು ಹತ್ತಿರಹತ್ತಿರ ನೂರು ವರ್ಷ ಹಿಡಿಯಿತು.

ಗ್ರಹಣದ ಸುಳ್ಳು

ಈ ಪುಸ್ತಕದ ಅತಿ ಪ್ರಸಿದ್ಧ ದೃಶ್ಯವೇ ಅದರ ಅತಿ ದುರ್ಬಲ ಭಾಗ. ಟಿನ್‌ಟಿನ್, ಹ್ಯಾಡಕ್, ಕ್ಯಾಲ್ಕುಲಸ್ ಮೂವರನ್ನೂ ಚಿತೆಯ ಮೇಲೆ ಸುಡುವುದೆಂದು ತೀರ್ಮಾನವಾಗಿದೆ. ಸಾಯುವ ದಿನ ಮತ್ತು ಗಳಿಗೆಯನ್ನು ನೀವೇ ಆರಿಸಿಕೊಳ್ಳಿ ಎಂದು ಅರಸ ದಯೆ ತೋರುತ್ತಾನೆ. ಹ್ಯಾಡಕ್‌ನ ಬಳಿ ಸಿಕ್ಕ ಹಳೆ ಪೇಪರಿನ ತುಂಡಿನಲ್ಲಿ ಬರಲಿರುವ ಸೂರ್ಯಗ್ರಹಣದ ಸುದ್ದಿಯಿದೆ. ಟಿನ್‌ಟಿನ್ ಅದೇ ಗಳಿಗೆಯನ್ನು ಆರಿಸಿ, ಸೂರ್ಯನಿಗೆ ಆಜ್ಞೆ ಮಾಡುವವನಂತೆ ನಟಿಸುತ್ತಾನೆ. ಕತ್ತಲಾಗುತ್ತದೆ. ಇಂಕಾಗಳು ಬೆದರಿ ಓಡುತ್ತಾರೆ.

ಹಳೆಯ ತಂತ್ರ. 1504ರಲ್ಲಿ ಜಮೈಕಾದಲ್ಲಿ ಸಿಕ್ಕಿಬಿದ್ದ ಕೊಲಂಬಸ್ ಚಂದ್ರಗ್ರಹಣದ ಲೆಕ್ಕ ಹೇಳಿ ಅಲ್ಲಿಯವರಿಂದ ಊಟ ಪಡೆದನೆಂಬ ಕತೆಯಿಂದ ಅದು ಹೊರಟದ್ದು. ಹ್ಯಾಗರ್ಡ್ ಬಳಸಿದ, ಮಾರ್ಕ್ ಟ್ವೈನ್ ಬಳಸಿದ. ಪ್ರತಿಸಲವೂ ಪಂಚಾಂಗ ಬಿಳಿಯನ ಕಿಸೆಯಲ್ಲಿ, ಅಂಜಿಕೆ ಉಳಿದವರ ಮುಖದಲ್ಲಿ. ಆದರೆ ಇಂಕಾಗಳು ಸೂರ್ಯನ ಮೇಲೆ ಕಣ್ಣಿಟ್ಟೇ ರಾಜ್ಯ ನಡೆಸಿದವರು. ಕುಸ್ಕೊ ಸುತ್ತಲಿನ ಬೆಟ್ಟಸಾಲಿನಲ್ಲಿ ಕಂಬಗಳನ್ನು ನಿಲ್ಲಿಸಿ, ಸೂರ್ಯ ಎಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತಾನೆಂದು ನೋಡಿ ಬಿತ್ತನೆಯ ಕಾಲ ಗೊತ್ತುಮಾಡುತ್ತಿದ್ದರೆಂದು ಸ್ಪೇನಿನ ಚರಿತ್ರಕಾರರೇ ಬರೆದಿದ್ದಾರೆ. ಗ್ರಹಣ ಕಂಡರೆ ಅವರಿಗೂ ಭಯವಾಗುತ್ತಿತ್ತು, ಅದು ಬೇರೆ ಮಾತು. ಗ್ರಹಣವೆಂದರೇನೆಂದೇ ತಿಳಿಯದ ಸೂರ್ಯಪೂಜಕರು ಮಾತ್ರ ಪುಸ್ತಕದಲ್ಲೇ ಇರಬಲ್ಲರು. ಎರ್ಜೆಗೆ ಇದು ಮುಂದೆ ಅರಿವಾಯಿತು. ಆ ದೃಶ್ಯದ ಬಗ್ಗೆ ವಿಷಾದವಿದೆಯೆಂದು ಸಂದರ್ಶನಗಳಲ್ಲಿ ಒಪ್ಪಿಕೊಂಡ. ಯುದ್ಧದ ವರ್ಷಗಳ ಬಗ್ಗೆ ಅವನು ಇಷ್ಟು ಸಲೀಸಾಗಿ ವಿಷಾದ ಹೇಳಿದ್ದು ಅಪರೂಪ.

ಎರಡು ಮೌನ

ಗ್ರಹಣ ಬಿಟ್ಟ ಮೇಲೆ ಬರುವ ಕೆಲವು ಪುಟಗಳನ್ನು ಚಿಕ್ಕಂದಿನಲ್ಲಿ ಅವಸರದಿಂದ ಮಗುಚಿದವರು ಈಗ ನಿಧಾನವಾಗಿ ನೋಡಬೇಕು. ಅರಸ ಸೋತಿದ್ದಾನೆ. ಟಿನ್‌ಟಿನ್ ಕೇಳುವುದು ಒಂದೇ: ಯುರೋಪಿನಲ್ಲಿ ಮಲಗಿರುವ ಏಳು ಜನರ ನರಳಾಟ ನಿಲ್ಲಿಸಿ. ಅರಸನ ಉತ್ತರ ಸ್ಪಷ್ಟ. ಅವರು ನಮ್ಮ ಸಮಾಧಿ ಸೂರೆ ಮಾಡಿದವರು. ಅವರು ದರೋಡೆಗೆ ಬಂದವರಲ್ಲ, ನಿಮ್ಮ ನಾಗರಿಕತೆಯನ್ನು ಲೋಕಕ್ಕೆ ತಿಳಿಸಲು ಬಂದವರು ಎಂದು ಟಿನ್‌ಟಿನ್ ವಾದಿಸುತ್ತಾನೆ. ಅರಸ ಒಪ್ಪುತ್ತಾನೆ, ಶಾಪ ಬಿಡಿಸುತ್ತಾನೆ. ಯೇಲ್‌ನ ಪೆಟ್ಟಿಗೆಗಳ ಕತೆ ಗೊತ್ತಿರುವ ಓದುಗರಿಗೆ ಅರಸ ತುಸು ಬೇಗ ಒಪ್ಪಿದನೆನಿಸಬಹುದು.

ಆಮೇಲೆ ಅರಸ ತಿರುಗಿ ಒಂದು ಮಾತು ಕೇಳುತ್ತಾನೆ. ಈ ದೇಗುಲ ಎಲ್ಲಿದೆ ಎಂದು ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿ. ಟಿನ್‌ಟಿನ್ ಆಣೆ ಮಾಡುತ್ತಾನೆ. ಹ್ಯಾಡಕ್ ಮಾಡುತ್ತಾನೆ. ದಾರಿ ತೋರಿಸಿದ ಸೊರಿನೊ ಅಲ್ಲೇ ಉಳಿಯುತ್ತಾನೆ. ವೃತ್ತಿಯಿಂದ ಸುದ್ದಿಗಾರನಾದ ಟಿನ್‌ಟಿನ್ ತನ್ನ ಬದುಕಿನ ಅತಿ ದೊಡ್ಡ ಸುದ್ದಿಯನ್ನು ಬರೆಯದೆ ಮನೆಗೆ ಮರಳುತ್ತಾನೆ. ಗುಪ್ತಲೋಕದ ಕತೆಗಳಲ್ಲಿ ಸಾಮಾನ್ಯವಾಗಿ ಕೊನೆಗೆ ಜ್ವಾಲಾಮುಖಿ ಸಿಡಿದು ಆ ಲೋಕ ನಾಶವಾಗುತ್ತದೆ, ಇಲ್ಲವೇ ನಾಯಕ ವಜ್ರ ತುಂಬಿಕೊಂಡು ಊರಿಗೆ ಬರುತ್ತಾನೆ. ಇಲ್ಲಿ ಆ ಲೋಕ ಹಾಗೆಯೇ ಉಳಿಯುತ್ತದೆ, ಕಂಡವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಮೊದಲ ಪುಟದ ಪ್ರಶ್ನೆಗೆ ಎರ್ಜೆ ಕೊಟ್ಟ ಉತ್ತರ ಅದು. ಅವನ ಕಾಂಗೋ ಪುಸ್ತಕದಿಂದ ಇಲ್ಲಿಗೆ ದೂರ ಬಹಳ.

ಆದರೆ ಆ ಪುಟಗಳನ್ನು ಬರೆದ 1948ರಲ್ಲಿ ಬಾಯಿ ಮುಚ್ಚಿಕೊಳ್ಳುವುದು ಎರ್ಜೆಯ ಸ್ವಂತದ ಅಗತ್ಯವೂ ಆಗಿತ್ತು. ಹೊಸ ವಾರಪತ್ರಿಕೆ ಹಳೆಯ ಪತ್ರಿಕೆಯ ಮಾತೆತ್ತಲಿಲ್ಲ. ಪುಸ್ತಕಗಳು ಬಂದಾಗ, ಮೊದಲ ಭಾಗ ಎಲ್ಲಿ ಅಚ್ಚಾಗಿತ್ತು, ಯಾಕೆ ನಿಂತಿತು ಎಂಬುದು ಅವುಗಳಲ್ಲಿ ಇರಲಿಲ್ಲ. ಎರಡು ಆಲ್ಬಮ್‌ಗಳು ಒಂದಕ್ಕೊಂದು ಹೊಂದಿಕೊಂಡು, ನಡುವಿನ ಎರಡು ವರ್ಷ ಕಾಣದಂತೆ ಬೆಸೆದುಕೊಂಡವು. ಬೇರೆಯವರ ಗುಟ್ಟನ್ನು ಕಾಯುವ ಮೌನ ಒಂದು ಬಗೆ, ತನ್ನದನ್ನು ಮುಚ್ಚುವ ಮೌನ ಇನ್ನೊಂದು. ಟಿನ್‌ಟಿನ್‌ನದು ಮೊದಲನೆಯದು. ಟಿನ್‌ಟಿನ್‌ನನ್ನು ಬರೆದವನ ಪಾಲಿಗೆ ಎರಡೂ ಒಟ್ಟಿಗೆ ಬಂದವು. ಬೆಲ್ಜಿಯಂನ ಚರಿತ್ರಕಾರರೂ ಎರ್ಜೆಯ ಜೀವನಚರಿತ್ರೆಕಾರರೂ ಆ ಎರಡನೆಯ ಬಾಗಿಲನ್ನು ತೆರೆದದ್ದು ಬಹಳ ತಡವಾಗಿ. ಅದನ್ನು ತೆರೆದದ್ದರಿಂದ ಪುಸ್ತಕ ಕೆಡಲಿಲ್ಲ, ಓದು ಸ್ವಲ್ಪ ಕಷ್ಟವಾಯಿತು, ಅಷ್ಟೆ.

ಬ್ರಸೆಲ್ಸ್‌ನ ಆ ಮ್ಯೂಸಿಯಂನಲ್ಲಿ ಮಮ್ಮಿ ಇಂದಿಗೂ ಇದೆ, ಮೊಣಕಾಲು ಮಡಚಿಕೊಂಡು. 2020ರಲ್ಲಿ ಬೆಲ್ಜಿಯಂನ ಒಂದು ಮೃಗಾಲಯ ತನ್ನಲ್ಲಿರುವ ಇನ್ನೊಂದು ಮಮ್ಮಿಯೇ ಎರ್ಜೆಗೆ ಮಾದರಿಯಾದದ್ದು ಎಂದು ಹೇಳಿಕೊಂಡಿತು. ನಿಜವಾದದ್ದು ನಮ್ಮಲ್ಲಿದೆ ಎಂದು ಮ್ಯೂಸಿಯಂನವರು ಸಿಟ್ಟಾದರು. ಪತ್ರಿಕೆಗಳಿಗೆ ಕೆಲವು ದಿನ ಒಳ್ಳೆಯ ಸುದ್ದಿಯಾಯಿತು. ಅಸಲಿ ರಾಸ್ಕರ್ ಕಪಾಕ್ ಯಾರ ಬಳಿ ಎಂಬ ಆ ಜಗಳದಲ್ಲಿ, ಆ ಎರಡೂ ದೇಹಗಳು ಒಂದು ಕಾಲಕ್ಕೆ ಯಾರೋ ಇಬ್ಬರು ಮನುಷ್ಯರದ್ದಾಗಿದ್ದವು ಎಂಬ ವಿಷಯ ಹಿಂದಕ್ಕೆ ಸರಿದಿತ್ತು. ಯಾರೋ ಅವರನ್ನು ಬಟ್ಟೆ ಸುತ್ತಿ, ಕೂರಿಸಿ, ಇನ್ನು ಯಾರೂ ತೆರೆಯಲಾರರು ಎಂದು ನಂಬಿ ಮಣ್ಣು ಮುಚ್ಚಿದ್ದರು. ಮ್ಯೂಸಿಯಂಗೆ ಬರುವ ಮಕ್ಕಳು ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಕಾಮಿಕ್ಸ್ ಕೊಟ್ಟ ಹೆಸರಿನಿಂದಲೇ ಅವನನ್ನು ಕರೆಯುತ್ತಾರೆ. ಅವನಿಗೆ ಉಳಿದಿರುವ ಹೆಸರು ಅದೊಂದೇ.